ಕಾರ್ಡಿಗೆ ಹೊಂದಿದ ಬೆಲ್ಲ

ಸಿದ್ದೇಗೌಡರು ಕಂಪನಿಗೆ ಮೋಸ ಮಾಡಿದರು, ಸಿಕ್ಕಿಬಿದ್ದರು, ಕಂಪನಿ ಅವರನ್ನು ಕೈಬಿಟ್ಟಿತು. ಚಿನಕುರಳಿ ಕಡೆ ಯಾರನ್ನು ಕೇಳಿದರೂ ಕಥೆ ಇಷ್ಟರಲ್ಲಿ ಮುಗಿಯುತ್ತದೆ. ಹೋದ ತಿಂಗಳು ಪಾಂಡವಪುರದಿಂದ ಕೆ.ಆರ್. ಪೇಟೆಗೆ ಹೋಗುವ ಬಸ್ಸು ಕಬ್ಬಿನ ಟ್ರಾಕ್ಟರೊಂದರ ಹಿಂದೆ ಸಿಕ್ಕಿಕೊಂಡು ತೆವಳುತ್ತಿದ್ದಾಗ ಕಿಟಕಿಯಿಂದ ಕುದಿಯುವ ಹಾಲಿನ ವಾಸನೆ ಒಳಗೆ ಬಂತು. ಕಬ್ಬಿನ ಹಾಲು ಪಾಕಕ್ಕೆ ತಿರುಗುವ ಹೊತ್ತಿನ, ಸ್ವಲ್ಪ ಸೀದ ಹಾಗೆ ಇರುವ ಆ ವಾಸನೆ. ನಾನು ಕತ್ತು ಹೊರಗೆ ಹಾಕಿದ್ದು ನೋಡಿ ಪಕ್ಕದಲ್ಲಿ ಕೂತಿದ್ದ ಹೆಂಗಸು ಹೇಳಿದರು:

"ಅದೇ ಕಣವ್ವ ಸಿದ್ದೇಗೌಡ್ನ ಆಲೆಮನೆ. ಪುಡಿ ಆಕಲ್ಲ ಅಂತ ಗ್ವಾಡೆ ಮೇಲೆ ಬರಸ್ಕಂಡು, ಕಂಪ್ನಿಯೋರ್ಗೆ ಪುಡಿ ಬೆಲ್ಲನೇ ಕೊಟ್ಬುಟ್ನಂತೆ. ಸಿಗಾಕ್ಕಂಡ."

"ಯಾವತ್ತು ಸಿಕ್ಕಿಹಾಕ್ಕೊಂಡ್ರು ಗೊತ್ತಾ ಅಕ್ಕ?"

"ಅವ್ರು ನೋಡಕ್ ಬಂದ್ ದಿನಾನೇಯ."

"ಮೋಸ ಮಾಡೋರು ನೋಡೋಕ್ ಬಂದ ದಿನಾನೇ ಮಾಡ್ತಾರಾ? ಉಳಿದ ದಿನ ಮಾಡಿ, ಅವತ್ತೊಂದಿನ ಸರಿಯಾಗಿ ಇರ್ತಾರಲ್ವಾ?"

ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಅದ್ನೆಲ್ಲ ನನ್ನ ಕೇಳಿಯಲ್ಲವ್ವ, ನಾನು ಸೊಪ್ಪು ಮಾರಕ್ ಓಯ್ತಾ ಇವ್ನಿ" ಎಂದು ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡರು.

ಸೊಪ್ಪಿನ ಅಕ್ಕನ ಹತ್ತಿರ ಚರ್ಚಾಸ್ಪರ್ಧೆಯ ಚಾಳಿ ತೋರಿಸಬಾರದಿತ್ತು. ಆದರೆ ಆ ಕಥೆಯ ಕೀಲು ಅಲ್ಲೇ ಸಡಿಲವಾಗಿದೆ. ಎಲ್ಲರೂ ಹೇಳುತ್ತಾರೆ, ಯಾರೂ ಕೇಳುವುದಿಲ್ಲ. ನನಗೆ ಕೇಳದೆ ಇರಲಾಗುವುದಿಲ್ಲ, ಏಕೆಂದರೆ ಅವತ್ತು ನಾನು ಆ ಆಲೆಮನೆಯಲ್ಲೇ ಇದ್ದೆ, ಕೈಯಲ್ಲಿ ಬಣ್ಣದ ಕಾರ್ಡು ಹಿಡಿದುಕೊಂಡು.

ನಾಲ್ಕು ವರ್ಷದ ಹಿಂದಿನ ಮಾತು. ನಾಗಮಂಗಲದ ನಮ್ಮ ಮನೆಯ ಗಾಜಿನ ಬೀರುವಿನಲ್ಲಿ ನಾನು ಗೆದ್ದ ಚರ್ಚಾಸ್ಪರ್ಧೆಯ ಕಪ್ಪುಗಳು ಅಮ್ಮನ ಸ್ಟೀಲ್ ಲೋಟಗಳ ಜೊತೆ ಜಾಗಕ್ಕಾಗಿ ಜಗಳವಾಡುತ್ತಿದ್ದವು. ಬಿ.ಕಾಂ. ಮುಗಿದಿತ್ತು. ಶ್ರೀರಂಗಪಟ್ಟಣದ ಹೆದ್ದಾರಿ ಪಕ್ಕ ಒಂದು ಕಂಪನಿಯ ಕಚೇರಿ ಇತ್ತು. ಸುತ್ತಲಿನ ಆಲೆಮನೆಗಳಿಂದ ಬೆಲ್ಲ ಕೊಂಡು, 'ರಾಸಾಯನಿಕ ಮುಕ್ತ' ಎಂದು ಪ್ಯಾಕೆಟ್ ಮಾಡಿ ದೊಡ್ಡ ಊರುಗಳ ಅಂಗಡಿಗಳಿಗೆ ಕಳಿಸುತ್ತಿತ್ತು. ಅಲ್ಲಿ ನಾನು ಫೀಲ್ಡ್ ಆಫೀಸರ್. ಸ್ಕೂಟರಿನಲ್ಲಿ ಆಲೆಮನೆಗಳಿಗೆ ಹೋಗುವುದು, ಪುಡಿ ಹಾಕುತ್ತಿಲ್ಲ ಎಂದು ಖಾತ್ರಿ ಮಾಡಿಕೊಳ್ಳುವುದು, ಆಮೇಲೆ ಪ್ರತಿ ಲೋಡಿನ ಬೆಲ್ಲವನ್ನೂ ಕಾರ್ಡಿನ ಪಕ್ಕ ಇಟ್ಟು ನೋಡುವುದು. ಕಾರ್ಡಿನ ಮೇಲೆ ಐದು ಚೌಕ. ಕಾಫಿ ಡಿಕಾಕ್ಷನ್ ಬಣ್ಣದಿಂದ ಶುರುವಾಗಿ ಅರಿಶಿನದವರೆಗೆ. ಕಂಪನಿಗೆ ಬೇಕಾಗಿದ್ದು ನಾಲ್ಕನೆಯ ಚೌಕ, ಹಳದಿಗೆ ಹತ್ತಿರದ ಹೊಂಬಣ್ಣ. ಹೆಚ್ಚೆಂದರೆ ಮೂರನೆಯದು.

ಪುಡಿ ಎಂದರೆ ಏನೆಂದು ಗೊತ್ತಿಲ್ಲದವರಿಗೆ ಹೇಳುತ್ತೇನೆ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಮೇಲೆ ಬರುವ ಕೊಳೆಯನ್ನು ಬೆಂಡೆ ಗಿಡದ ಲೋಳೆ, ಚೂರು ಸುಣ್ಣ ಹಾಕಿ ತೆಗೆಯುತ್ತಾರೆ. ಹಾಗೆ ಮಾಡಿದ ಬೆಲ್ಲ ಕಂದು. ಗದ್ದೆ ಬದಲಾದರೆ ಬಣ್ಣವೂ ಬದಲು. ಸಂತೆಯಲ್ಲಿ ಹಳದಿ ಬೆಲ್ಲಕ್ಕೆ ಬೇಡಿಕೆ, ಆದ್ದರಿಂದ ಬಹಳ ಕಡೆ ಕೊನೆಯಲ್ಲಿ ಒಂದು ಬಿಳಿ ಪುಡಿ ಎರಚುತ್ತಾರೆ. ಕಣ್ಣು ಮಿಟುಕಿಸುವುದರೊಳಗೆ ಕಂದು ಪಾಕ ಹಳದಿಯಾಗುತ್ತದೆ. ಕೆಲವು ವಾರ ಕಳೆದರೆ ಬಣ್ಣ ಮತ್ತೆ ಮಂಕಾಗುತ್ತದೆ, ಅಷ್ಟರಲ್ಲಿ ಬೆಲ್ಲ ಮಾರಿಹೋಗಿರುತ್ತದೆ.

ಅಂದರೆ ಕಂಪನಿಯ ಷರತ್ತು ಇದು: ಪುಡಿ ಹಾಕಬಾರದು, ಆದರೆ ಹಾಕಿದ ಹಾಗೆ ಕಾಣಬೇಕು. ಕೆಲಸಕ್ಕೆ ಸೇರಿದ ಎರಡನೇ ವಾರವೇ ನಾನು ಇದನ್ನು ಮ್ಯಾನೇಜರ್ ಮುಂದೆ ಇಟ್ಟೆ. ಅವರು ನಕ್ಕರು.

"ಒಳ್ಳೇ ಪಾಯಿಂಟು. ಆದ್ರೆ ಒಂದು ಪ್ಯಾಕೆಟ್ಟಿನ ಬಣ್ಣ ಇನ್ನೊಂದು ಪ್ಯಾಕೆಟ್ಟಲ್ಲಿ ಇಲ್ಲದಿದ್ರೆ ಜನ ಕಲಬೆರಕೆ ಅಂತಾರೆ."

"ಬಣ್ಣ ಬದಲಾಗುತ್ತೆ, ಅದೇ ಇದರ ಗುಣ ಅಂತ ಪ್ಯಾಕೆಟ್ ಮೇಲೆ ಬರೆಸಿ ಸರ್."

"ಪ್ಯಾಕೆಟ್ ಮೇಲೆ ಜಾಗ ಇಲ್ಲ."

ಪ್ಯಾಕೆಟ್ ಮೇಲೆ ಎರಡು ಎತ್ತು, ಒಂದು ಗಾಣ, ಗಾಣದ ಹಿಂದೆ ಸೂರ್ಯೋದಯ, ಪಕ್ಕದಲ್ಲಿ ನಗುವ ಅಜ್ಜಿ ಇದ್ದರು. ನಾವು ಬೆಲ್ಲ ಕೊಳ್ಳುತ್ತಿದ್ದ ಒಂದು ಆಲೆಮನೆಯಲ್ಲೂ ಎತ್ತು ಇರಲಿಲ್ಲ, ಎಲ್ಲ ಮೋಟಾರು. ಅದನ್ನೂ ಹೇಳಿದೆ. "ಅಜ್ಜಿ ಮಾತ್ರ ನಿಜ ಅಂತ ಇಟ್ಕೊಳಿ" ಎಂದು ಟೀ ತರಿಸಿದರು. ಕೆಟ್ಟ ಮನುಷ್ಯ ಅಲ್ಲ. ಮಳೆ ಬಂದ ದಿನ ನನ್ನನ್ನು ಸ್ಕೂಟರಿನಲ್ಲಿ ಕಳಿಸದೆ ತಮ್ಮ ಕಾರಿನಲ್ಲಿ ಬಸ್ ಸ್ಟ್ಯಾಂಡಿಗೆ ಬಿಟ್ಟವರು. ಅವರು ಕೆಟ್ಟವರಾಗಿದ್ದರೆ ನನ್ನ ವಾದ ಎಷ್ಟು ಸುಲಭವಾಗುತ್ತಿತ್ತು! ಅವರ ಮೇಲೆಯೂ ಯಾರೋ ಒಬ್ಬರು ಕಾರ್ಡು ಹಿಡಿದು ನಿಂತಿದ್ದರು.

ಸಿದ್ದೇಗೌಡರ ಆಲೆಮನೆ ಚಿನಕುರಳಿ ದಾಟಿ ನಾಲೆಯ ಪಕ್ಕ. ಕಲ್ಲು ಕ್ವಾರಿಯ ಲಾರಿಗಳ ಧೂಳು ಅಲ್ಲಿಯವರೆಗೆ ಬಂದು ನಾಲೆಯ ನೀರಿನ ಮೇಲೆ ಕೂರುತ್ತಿತ್ತು. ಗೌಡರಿಗೆ ಐವತ್ತೈದರ ಆಸುಪಾಸು. ಕಂಪನಿ ಬರುವುದಕ್ಕೆ ಮೊದಲೇ ಅವರು ಪುಡಿ ನಿಲ್ಲಿಸಿದ್ದರು. ಯಾಕೆ ಎಂದು ಕೇಳಿದರೆ ಆರೋಗ್ಯ, ಪರಿಸರ ಎನ್ನುತ್ತಾರೆಂದು ನಾನು ಪುಸ್ತಕ ತೆರೆದು ಕೂತಿದ್ದೆ.

"ಪುಡಿ ಎರಚುದ್ರೆ ಆಚಾರಿ ಕಣ್ಣು ಕೆಂಡ ಆಗದು. ಅವ್ನ್ ಕಣ್ಣೋದ್ರೆ ಪಾಕ ನೋಡೋರ್ಯಾರು? ನೀನ್ ನೋಡಿಯಾ?" ಎಂದರು.

ನಂಜುಂಡಾಚಾರಿ ಆ ಆಲೆಮನೆಯ ಪಾಕ ನೋಡುವವರು. ಕಮ್ಮಾರರ ಮನೆತನ. ತಂದೆ ಗಾಡಿ ಚಕ್ರಕ್ಕೆ ಕಬ್ಬಿಣದ ಪಟ್ಟಿ ಕಟ್ಟುತ್ತಿದ್ದರಂತೆ. ಗಾಡಿಗಳು ಹೋದ ಮೇಲೆ ಮಗ ಗಾಣ ರಿಪೇರಿಗೆ ಅಂತ ಇಲ್ಲಿಗೆ ಬಂದು ಕೊಪ್ಪರಿಗೆಯ ಪಕ್ಕವೇ ಉಳಿದುಬಿಟ್ಟಿದ್ದರು. ಗುಳ್ಳೆಯ ಸದ್ದು ಕೇಳಿಯೇ ಹದ ಹೇಳುತ್ತಿದ್ದರು. ಹದ ಬಂತು ಎನಿಸಿದಾಗ ಒಂದು ತೊಟ್ಟು ತಣ್ಣೀರಿಗೆ ಬಿಟ್ಟು, ಉಂಡೆ ಮಾಡಿ, ಕೊಪ್ಪರಿಗೆಯ ಅಂಚಿಗೆ ಕುಟ್ಟುವರು. 'ಠಕ್' ಎಂದರೆ ಇಳಿಸು.

ಕಾರ್ತೀಕದಲ್ಲಿ ಮೊದಲ ಮೂರು ಲೋಡು ಸಲೀಸಾಗಿ ಹೋದವು. ನಾಲ್ಕನೆಯದನ್ನು ಕಾರ್ಡಿನ ಪಕ್ಕ ಇಟ್ಟಾಗ ಅದು ಎರಡನೇ ಚೌಕಕ್ಕೆ ನಿಂತಿತು. ವಾಪಸ್ ಎಂದು ಬರೆದೆ. ಆಚಾರಿ ಸೌಟು ಕೆಳಗಿಟ್ಟು ಬಂದರು.

"ಎಲ್ಲಿ, ಕೊಡವ್ವ ಆ ಕಾರ್ಡ." ತಿರುಗಿಸಿ ಮುರುಗಿಸಿ ನೋಡಿದರು. "ನಮ್ಮವ್ವ ಎತ್ತಿದ್ ಐದ್ ಮಕ್ಕಳಲ್ಲಿ ಎರಡು ಕೆಂಪುಗೆ, ಮೂರು ನನ್ನಂಗೆ. ಅವಳ್ಗೂ ಇಂತದೊಂದ್ ಕಾರ್ಡು ಕೊಟ್ಟಿದ್ರೆ ಮೂರ್ ಜನ ವಾಪಸ್ ಓಗ್ಬೇಕಾಗಿತ್ತು."

ಒಲೆಗೆ ಕಬ್ಬಿನ ಸಿಪ್ಪೆ ಹಾಕುತ್ತಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಆಮೇಲೆ ವಾಪಸ್ ಎಂದು ಬರೆದಿದ್ದಕ್ಕೆ ಸಹಿ ಹಾಕಿದೆ.

"ಸುಣ್ಣ ಆಕ್ಬೋದು, ಪುಡಿ ಆಕ್ಬಾರ್ದು ಅಂತೀರಲ್ಲ, ಸುಣ್ಣ ಏನು ಗಿಡದಲ್ಲಿ ಬಿಟ್ಟದಾ?" ಎಂದು ಆಚಾರಿ ಇನ್ನೊಂದು ದಿನ ಕೇಳಿದರು. ಅದಕ್ಕೆ ಉತ್ತರ ಹುಡುಕುತ್ತ ನಾನು ಒಂದು ವಾರ ಏನೇನೋ ಓದಿದೆ. ಒಂದು ಬಹುಕಾಲದಿಂದ ಇದೆ, ಇನ್ನೊಂದು ಬೆಲ್ಲದಲ್ಲಿ ಗಂಧಕ ಉಳಿಸುತ್ತದೆ ಎಂದು ವಿವರಿಸಿದೆ. "ಆಗ್ಲಿ ಬುಡಿ" ಎಂದರು, ನನಗೆ ಒಂದು ಅವಕಾಶ ಕೊಟ್ಟ ತೀರ್ಪುಗಾರರ ಹಾಗೆ.

ಆ ಸೀಸನ್ನಿನಲ್ಲಿ ನಾನು ತಿಂದಷ್ಟು ಬಿಸಿ ಬೆಲ್ಲ ಅದಕ್ಕೆ ಮೊದಲೂ ತಿಂದಿಲ್ಲ, ಆಮೇಲೂ ತಿಂದಿಲ್ಲ. ಆಲೆಮನೆಗೆ ಬಂದವರನ್ನು ಬರಿಗೈಲಿ ಕಳಿಸುವ ಪದ್ಧತಿ ಇಲ್ಲ. ಅಂಚೆಯವರು ಬಂದರೂ ಒಂದು ಚೊಂಬು ಹಾಲು, ಬಾಳೆಲೆಯ ತುಂಡಿನ ಮೇಲೆ ಬಿಸಿ ಪಾಕ. ಗೌಡರು ಇದನ್ನು ಇನ್ನೂ ಮುಂದಕ್ಕೆ ಒಯ್ದಿದ್ದರು. ನೆಂಟರು ಬರುವ ದಿನಕ್ಕೆ ಬೇರೆಯೇ ಒಂದು ಕೊಪ್ಪರಿಗೆ ಇಳಿಸುವರು. ಬಲಿತ ಕಬ್ಬು ಆರಿಸಿ, ಎರಡು ಸಲ ಸೋಸಿ, ಅಚ್ಚುಗಳನ್ನು ತೊಳೆದು ಒರೆಸಿ. ಅದಕ್ಕೆ ನೆಂಟರ ಅಚ್ಚು ಎಂದೇ ಹೆಸರು. ಮೇಲುಕೋಟೆಯಿಂದ ಬೀಗರು ಬಂದ ದಿನ ಅದನ್ನು ನೋಡಿದ್ದೆ. ಗೌಡರು ತಾವು ಒಂದು ಚೂರೂ ಬಾಯಿಗೆ ಹಾಕಲಿಲ್ಲ. ಬೀಗರು ಬೆಲ್ಲವನ್ನು ಬೆಳಕಿಗೆ ಹಿಡಿದು ನೋಡುವುದನ್ನೇ ನೋಡುತ್ತ ನಿಂತಿದ್ದರು.

ಸಂಕ್ರಾಂತಿಯ ಹೊತ್ತಿಗೆ ವಾಪಸ್ ಹೋದ ಲೋಡು ಮೂರಾಗಿತ್ತು. ಇನ್ನೊಂದು ವಾಪಸ್ ಆದರೆ ಪಟ್ಟಿಯಿಂದ ತೆಗೆಯುತ್ತೇವೆ ಎಂದು ಕಂಪನಿಯ ಪತ್ರ ಬಂತು. ಅದನ್ನು ಗೌಡರಿಗೆ ಓದಿ ಹೇಳಿದವಳು ನಾನೇ. ಶಿವರಾತ್ರಿ ಕಳೆದು ಬಿಸಿಲು ಏರತೊಡಗಿದಾಗ ಸುದ್ದಿ ಬಂತು: ದೊಡ್ಡ ಅಂಗಡಿಗಳ ಕಡೆಯಿಂದ ಇಬ್ಬರು ಬೆಲ್ಲ ಆಗುವುದನ್ನು ಕಣ್ಣಾರೆ ನೋಡಲು ಬರುತ್ತಾರೆ. ಗಾಣ ಚೊಕ್ಕಟ, ನಾಲೆಯ ಪಕ್ಕದ ಜಾಗ, ಗೋಡೆಯ ಮೇಲೆ ದಪ್ಪಕ್ಷರದಲ್ಲಿ 'ಇಲ್ಲಿ ಪುಡಿ ಹಾಕುವುದಿಲ್ಲ'. ಕಂಪನಿ ಅವರಿಗೆ ತೋರಿಸಲು ಆರಿಸಿದ್ದು ಸಿದ್ದೇಗೌಡರ ಆಲೆಮನೆಯನ್ನೇ.

ಹಿಂದಿನ ದಿನ ಮಧ್ಯಾಹ್ನ ನಾನು ಅಲ್ಲೇ ಇದ್ದಾಗ ಮ್ಯಾನೇಜರ್ ಫೋನ್ ಬಂತು.

"ನಾಳೆ ಬೆಲ್ಲ ಕಾರ್ಡಿಗೆ ಹೊಂದಲೇಬೇಕು."

"ಸರ್, ಈ ವಾರ ಕೂಳೆ ಕಬ್ಬು ಅರೀತಿದ್ದಾರೆ, ಹೋದ ವರ್ಷ ಕಡಿದ ಬುಡದಲ್ಲೇ ಚಿಗುರಿದ್ದು. ಬಣ್ಣ ಗಾಢವಾಗೇ ಬರುತ್ತೆ. ಹೇಗೆ ಹೊಂದುತ್ತೆ?"

"ಹೇಗೆ ಅನ್ನೋದನ್ನ ನನಗೆ ಹೇಳಬೇಡಿ."

ಚರ್ಚಾ ವೇದಿಕೆಯಲ್ಲಾಗಿದ್ದರೆ ಆ ಒಂದು ವಾಕ್ಯವನ್ನು ಹಿಡಿದು ನಾಲ್ಕು ನಿಮಿಷ ಮಾತಾಡುತ್ತಿದ್ದೆ. ಅವತ್ತು "ಸರಿ ಸರ್" ಎಂದೆ. ಕೆಲಸ ಕಾಯಂ ಆಗುವ ಪತ್ರ ಆ ತಿಂಗಳೇ ಬರುವುದಿತ್ತು. ಫೋನ್ ಇಟ್ಟು ಗೌಡರ ಕಡೆ ತಿರುಗಿ, ಕೇಳಿದ್ದನ್ನು ಕೇಳಿದ ಹಾಗೇ ಹೇಳಿದೆ: "ನಾಳೆ ಕಾರ್ಡಿಗೆ ಹೊಂದಲೇಬೇಕಂತೆ ಗೌಡ್ರೆ. ಹೇಗೆ ಅಂತ ಅವರಿಗೆ ಹೇಳಬಾರದಂತೆ." ಹೇಳುವಾಗ ಸ್ವಲ್ಪ ನಕ್ಕೆ ಕೂಡ.

ಗೌಡರು ಕಾರ್ಡಿನ ಬಗ್ಗೆ ಏನೂ ಕೇಳಲಿಲ್ಲ. "ಎಷ್ಟ್ ಜನ ಬತ್ತಾರೆ?" ಎಂದರು.

"ಇಬ್ಬರು. ಮ್ಯಾನೇಜರ್ ಸೇರಿ ಮೂವರು."

"ಊಟ?"

"ಊಟ ಬೇಡವಂತೆ."

"ಬ್ಯಾಡ್ವಂತೆ ಅಂದ್ರೆ? ಅಷ್ಟ್ ದೂರದಿಂದ ಬಾಗ್ಲಿಗ್ ಬಂದು, ಬೆಲ್ಲನೂ ಕರ್ರುಗೆ, ಊಟನೂ ಇಲ್ಲ ಅಂದ್ರೆ ನಮ್ನ ಏನ್ ಅಂದ್ಕತಾರೆ?"

ಮರುದಿನ ಬೆಳಿಗ್ಗೆ ನಾನು ಹೋದಾಗ ಅಂಗಳ ಸಾರಿಸಿತ್ತು. ಆಲೆಮನೆಯ ಕಂಬಕ್ಕೆ ಮಾವಿನ ಸೊಪ್ಪು ಕಟ್ಟಿತ್ತು. ಯಾರದೋ ಮದುವೆಗೆ ತಂದ ಕೆಂಪು ಕುರ್ಚಿಗಳು ಸಾಲಾಗಿ ನಿಂತಿದ್ದವು. ಬಂದ ಇಬ್ಬರೂ ಹಾಲು ಕುಡಿದು, ಗಾಣದ ಮುಂದೆ ಫೋಟೊ ತೆಗೆಸಿಕೊಂಡರು. ಆಗಲೇ ಒಂದು ಕೊಪ್ಪರಿಗೆ ಇಳಿದು ಅಚ್ಚಿನಲ್ಲಿ ಆರುತ್ತಿತ್ತು. ಗೌಡರು ಹೊಸ ಟವೆಲ್ ಹಾಸಿದ ತಟ್ಟೆಯಲ್ಲಿ ಬೆಲ್ಲ ತಂದು ಮುಂದೆ ಹಿಡಿದರು. ಹೊಂಬಣ್ಣ. ನಾನು ಕಾರ್ಡು ಪಕ್ಕ ಇಟ್ಟೆ. ನಾಲ್ಕನೇ ಚೌಕ ಯಾವುದು, ಬೆಲ್ಲ ಯಾವುದು ಎಂದು ಹೇಳಲಾಗದಷ್ಟು ಹೊಂದಿತು. ಇಡೀ ಸೀಸನ್ನಿನಲ್ಲಿ ಒಂದು ದಿನವೂ ಹಾಗೆ ಹೊಂದಿರಲಿಲ್ಲ.

ಬಂದವರು ಬೆಲ್ಲವನ್ನು ಬೆಳಕಿಗೆ ಹಿಡಿದು ನೋಡಿದರು. ಗೌಡರು ಅದನ್ನೇ ನೋಡುತ್ತ ನಿಂತಿದ್ದರು. ನಾನು ಕೊಪ್ಪರಿಗೆಯ ಕಡೆ ನೋಡಿದೆ. ಆಚಾರಿ ಅಲ್ಲಿ ಇರಲಿಲ್ಲ. ನಾಲೆಯ ಮೆಟ್ಟಿಲ ಮೇಲೆ ಕೂತು ಕಣ್ಣಿಗೆ ನೀರು ಹಾಕಿಕೊಳ್ಳುತ್ತಿದ್ದರು.

ನನಗೆ ಆಗಲೇ ಗೊತ್ತಾಯಿತು. ಇದನ್ನು ಯಾಕೆ ಬರೆಯುತ್ತಿದ್ದೇನೆಂದರೆ, ಆಮೇಲೆ ಗೊತ್ತಾಯಿತು ಎಂದು ನಾನು ಬಹಳ ಕಡೆ ಹೇಳಿಕೊಂಡಿದ್ದೇನೆ.

ಬಂದವರು ಹೊರಡುವಾಗ ಒಂದು ಅಚ್ಚನ್ನು ಕವರಿನಲ್ಲಿ ಹಾಕಿ ಮೊಹರು ಮಾಡಿಕೊಂಡರು. ಅದು ಅವರ ನಿಯಮ, ಎಲ್ಲಿ ಹೋದರೂ ಮಾಡುತ್ತಾರೆ. ಗೌಡರು ಅದನ್ನು ಮನೆಗೆ ಒಯ್ಯುತ್ತಾರೆ ಎಂದುಕೊಂಡರು. "ಒಂದ್ ಸಾಕಾ ಸಾ? ಮನೇಲಿ ಮಕ್ಳು ಇರ್ತವೆ, ಇನ್ನೊಂದ್ ನಾಕ್ ಆಕ್ಕಳಿ" ಎಂದು ತಾವೇ ಕೈಯಾರೆ ಚೀಲಕ್ಕೆ ಹಾಕಿದರು. ನಾನು ಬಾಯಿಬಿಟ್ಟು ತಡೆಯಬಹುದಾಗಿದ್ದ ಕೊನೆಯ ಹೊತ್ತು ಅದು. ಮೋಸಗಾರ ಎಂದು ಊರೆಲ್ಲ ಕರೆಯುವ ಮನುಷ್ಯ ತಮ್ಮ ವಿರುದ್ಧದ ಸಾಕ್ಷಿಯನ್ನು ಬೇಡ ಬೇಡ ಎಂದರೂ ತುಂಬಿ ಕೊಟ್ಟು, ಕಾರಿನ ಬಾಗಿಲು ಹಾಕಿ, ಕೈಮುಗಿದು ಕಳಿಸಿಕೊಟ್ಟರು.

ಹತ್ತು ಹನ್ನೆರಡು ದಿನದಲ್ಲಿ ಪರೀಕ್ಷೆಯ ವರದಿ ಬಂತು. ಗಂಧಕ ಇರಬೇಕಾದ್ದಕ್ಕಿಂತ ಎಷ್ಟೋ ಹೆಚ್ಚು. ಗೌಡರನ್ನು ಶ್ರೀರಂಗಪಟ್ಟಣದ ಕಚೇರಿಗೆ ಕರೆಸಿದರು. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದರು. ಎ.ಸಿ. ತಣ್ಣಗಿತ್ತು, ಕುರ್ಚಿಯ ತುದಿಯಲ್ಲಿ ಕೂತರು. ಮೇಜಿನ ಆಚೆ ಮ್ಯಾನೇಜರ್, ಪಕ್ಕದಲ್ಲಿ ನಾನು, ನನ್ನ ಮುಂದೆ ತುಂಬಬೇಕಾದ ಫಾರಂ.

"ಪುಡಿ ಹಾಕಿದ್ರಾ?"

"ಆಕಿದ್ದೆ ಸಾ."

"ಹಿಂದೆ?"

"ನಿಮ್ಗ್ ಕೊಡಕ್ ಸುರು ಮಾಡುದ್ಮೇಲೆ ಅವತ್ತೊಂದಿನವೇ."

"ಹಾಕಿ ಅಂತ ಯಾರಾದ್ರೂ ಹೇಳಿದ್ರಾ?"

ಗೌಡರು ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ನಾನು ಏನು ಮಾಡುತ್ತಿದ್ದೆನೋ ಇವತ್ತಿಗೂ ಗೊತ್ತಿಲ್ಲ. "ಯಾರೂ ಯೋಳ್ನಿಲ್ಲ ಸಾ. ನಂದೇ ಬುದ್ಧಿ" ಎಂದರು.

ಮ್ಯಾನೇಜರ್ ಪೆನ್ನಿನ ಮುಚ್ಚಳ ಹಾಕಿ ತೆಗೆದು ಮಾಡುತ್ತಿದ್ದರು. ಮತ್ತೇನೂ ಕೇಳಲಿಲ್ಲ. ಪುಡಿ ಹಾಕಿ ಎಂದು ಯಾರೂ ಹೇಳಿರಲಿಲ್ಲ ಎಂಬುದು ಅಕ್ಷರಶಃ ನಿಜ. ಕಂಪನಿ ಕಾರ್ಡು ಕೊಟ್ಟಿತ್ತು. ಮ್ಯಾನೇಜರ್ ಹೇಗೆ ಎಂದು ಹೇಳಬೇಡಿ ಎಂದಿದ್ದರು. ನಾನು ಒಂದು ಪದ ಸೇರಿಸದೆ, ಒಂದು ಪದ ಬಿಡದೆ ದಾಟಿಸಿದ್ದೆ. ಒಬ್ಬೊಬ್ಬರನ್ನೂ ಬೇರೆ ಬೇರೆಯಾಗಿ ನಿಲ್ಲಿಸಿ ಕೇಳಿದರೆ ಯಾರ ಕೈಯಲ್ಲೂ ಪುಡಿಯ ಡಬ್ಬ ಇಲ್ಲ, ಕೊನೆಯವನ ಕೈಯಲ್ಲಿ ಮಾತ್ರ ಇದೆ. ಹೀಗೆ ಜೋಡಿಸಿದವರು ಯಾರು? ಯಾರೂ ಕೂತು ಜೋಡಿಸಿರಲಾರರು. ಅದೇ ನನಗೆ ಸೋಜಿಗ.

ಫಾರಂನಲ್ಲಿ 'ಕಾರಣ' ಎಂದು ಒಂದು ಸಾಲು ಖಾಲಿ ಇತ್ತು. 'ಸರಬರಾಜುದಾರರ ಸ್ವಂತ ನಿರ್ಧಾರ' ಎಂದು ಬರೆದೆ. ನನ್ನ ಕೈಬರಹ ಚೆನ್ನಾಗಿದೆ.

ಪತ್ರ ಬಂತು, ಕೆಲಸ ಕಾಯಂ ಆಯಿತು. ಪ್ರತಿಭಟಿಸಿ ರಾಜೀನಾಮೆ ಕೊಟ್ಟೆ ಎಂದು ಇಲ್ಲಿ ಬರೆದರೆ ಓದಲು ಚೆನ್ನಾಗಿರುತ್ತದೆ. ಹಾಗಾಗಲಿಲ್ಲ. ಇನ್ನೂ ಎರಡು ವರ್ಷ ಅದೇ ಕಾರ್ಡು ಹಿಡಿದು ಬೇರೆ ಆಲೆಮನೆಗಳಿಗೆ ಹೋದೆ. ಸಂಜೆ ತರಗತಿಗಳಲ್ಲಿ ಎಂ.ಕಾಂ. ಮುಗಿಸಿದ ಮೇಲೆ ಕೆ.ಆರ್. ಪೇಟೆಯ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯ ಕೆಲಸ ಸಿಕ್ಕಿತು, ಬಿಟ್ಟೆ. ಅಲ್ಲಿ ನಾನು ಹೇಳಿಕೊಡುವ ಪಾಠಗಳಲ್ಲಿ ಒಂದು ವ್ಯವಹಾರ ನೀತಿ. ನಗಬೇಡಿ.

ಬಸ್ಸಿನಲ್ಲಿ ಸೊಪ್ಪಿನ ಅಕ್ಕ ಸಿಕ್ಕ ಆ ದಿನ ಹೆಸರು, ಊರು ಮುಚ್ಚಿ ಈ ಪ್ರಸಂಗವನ್ನು ತರಗತಿಯ ಮುಂದೆ ಇಟ್ಟೆ. ತಪ್ಪು ಯಾರದು? ಅರ್ಧ ಜನ ಆಲೆಮನೆಯವನದು ಎಂದರು, ಅರ್ಧ ಜನ ಕಂಪನಿಯದು. ಗಲಾಟೆ ಜೋರಾಯಿತು, ನಾನು ಖುಷಿಯಲ್ಲಿ ಎರಡೂ ಕಡೆಗೆ ಪಾಯಿಂಟು ಕೊಡುತ್ತಿದ್ದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೈ ಎತ್ತಿದಳು. "ಮ್ಯಾಮ್, ಆ ಫೀಲ್ಡ್ ಆಫೀಸರ್ರು ಅಲ್ಲೇ ಇದ್ರಲ್ಲ, ಅವ್ರೇನ್ ಮಾಡ್ತಿದ್ರು?"

ಗಂಟೆ ಹೊಡೆಯಿತು ಎಂದುಕೊಳ್ಳಬೇಡಿ. ಇನ್ನೂ ಇಪ್ಪತ್ತು ನಿಮಿಷ ಇತ್ತು. ನಾನು ಮುಂದಿನ ಅಧ್ಯಾಯ ಶುರು ಮಾಡಿದೆ.

ಆ ಭಾನುವಾರ ಚಿನಕುರಳಿ ದಾಟಿ ನಾಲೆಯ ಹತ್ತಿರ ಬಸ್ಸಿಳಿದೆ. ಆಲೆಮನೆ ನಡೆಯುತ್ತಿತ್ತು. ಗೋಡೆಯ ಮೇಲಿನ ಅಕ್ಷರಗಳಿಗೆ ಸುಣ್ಣ ಬಳಿದಿದ್ದರು. ಕೊಪ್ಪರಿಗೆಯ ಪಕ್ಕದಲ್ಲಿ ಪರಿಚಯವಿಲ್ಲದ ಮುಖ. ಪುಡಿಯ ಡಬ್ಬ ಮುಚ್ಚುಮರೆ ಇಲ್ಲದೆ ಕಟ್ಟೆಯ ಮೇಲೆ ಕೂತಿತ್ತು. ಗೌಡರ ಗಡ್ಡ ಪೂರ್ತಿ ಬೆಳ್ಳಗಾಗಿದೆ. ನನ್ನನ್ನು ನೋಡಿ ಗುರುತು ಹಿಡಿಯಲು ಒಂದು ಗಳಿಗೆ ಬೇಕಾಯಿತು, ಆಮೇಲೆ "ಅಯ್ಯೋ ನಮ್ಮ ಕಾರ್ಡಿನವ್ವ!" ಎಂದು ಟವೆಲಿನಿಂದ ಕುರ್ಚಿ ಒರೆಸಿದರು.

"ಆಚಾರಿಯವರು ಎಲ್ಲಿ ಗೌಡ್ರೆ?"

"ಚಿನಕುರಳೀಲಿ ವೆಲ್ಡಿಂಗ್ ಅಂಗ್ಡಿ ಇಟ್ಕಂಡವ್ನೆ. ಕಳ್ಳಬೆಲ್ಲ ಅಂತ ಎಸ್ರಾದ್ಮೇಲೆ ಕಂದು ಬೆಲ್ಲನ ಯಾರ್ ತಕ್ಕತಾರವ್ವ? ಪುಡಿ ಆಕಿದ್ರೂ ಕಳ್ಳ, ಆಕ್ದೇ ಓದ್ರೂ ಕಳ್ಳ ಅಂತಾರೆ. ಅದ್ಕೆ ಆಕ್ತಾ ಇವ್ನಿ. ಪುಡಿ ಬಂದದ್ದೇ ಅವ್ನು ಎದ್ದೋದ. ಮಾತಾಡ್ಸಲ್ಲ ನನ್ನ." ಟವೆಲನ್ನು ಹೆಗಲಿಗೆ ಹಾಕಿಕೊಂಡು, "ವೆಲ್ಡಿಂಗ್‌ನಲ್ಲಿ ಕಣ್ಣಿಗೆ ಕನ್ನಡ್ಕನಾದ್ರೂ ಅದೆ" ಎಂದರು.

ಫಾರಂನಲ್ಲಿ ನಾನು ಬರೆದ ಸಾಲನ್ನು ಹೇಳಿದೆ. ನಾಲ್ಕು ವರ್ಷ ಯಾರಿಗೂ ಹೇಳಿರಲಿಲ್ಲ. ಫೋನಿನ ವಿಷಯ ಬರೆಯಬೇಕಿತ್ತು, ಬರೆಯಲಿಲ್ಲ ಎಂದೆ. ಅವರು ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಒಳ್ಳೆಯದಿತ್ತು.

"ನಾನೇ ಅಂಗೆ ಯೋಳುದ್ನಲ್ಲವ್ವ, ನೀನ್ ಇನ್ನೇನ್ ಬರ್ದೀಯೆ" ಎಂದರು. ಆಮೇಲೆ ಮುಖ ಅರಳಿತು. "ಆದ್ರೂ ಅವತ್ತಿನ್ ಬಣ್ಣ ನೋಡ್ದಲ್ಲ ನೀನು! ಅವ್ರು ಎಂಗೆ ಇಡ್ಕಂಡ್ ನೋಡುದ್ರು! ಏಟ್ ಜನ ನೆಂಟ್ರು ಬಂದವ್ರೆ, ಅಂಗೆ ಯಾರೂ ನೋಡ್ನಿಲ್ಲ ಕಣವ್ವ."

ನನ್ನ ವಾದ ಅಲ್ಲಿಗೆ ಎರಡು ಹೋಳಾಯಿತು. ಫೋನಿನ ಒತ್ತಡಕ್ಕೆ, ಪಟ್ಟಿಯಿಂದ ತೆಗೆಯುವ ಪತ್ರಕ್ಕೆ ಹೆದರಿ ಹಾಕಿದ್ದರೆ ತಪ್ಪು ಕಂಪನಿಯದು, ಅದನ್ನು ಹೊತ್ತು ತಂದ ನನ್ನದು. ಬಂದವರ ಕಣ್ಣಿಗೆ ಚೆಂದ ಕಾಣಲಿ ಎಂದು ಹಾಕಿದ್ದರೆ? ಆಗ ನಾನು ನಾಲ್ಕು ವರ್ಷದಿಂದ ನನ್ನದಲ್ಲದ ಪಾಲನ್ನು ಹೊತ್ತುಕೊಂಡಿದ್ದೇನೆ, ಅಥವಾ ಹೊತ್ತುಕೊಂಡು ಸುಖಪಡುತ್ತಿದ್ದೇನೆ. ಅವರ ಮುಖ ನೋಡಿದರೆ ಎರಡೂ ಸರಿ ಅನಿಸುತ್ತಿತ್ತು. ಹೊಸಬ ಡಬ್ಬದ ಮುಚ್ಚಳ ತೆಗೆದ. ಗೌಡರು ಆ ಕಡೆ ತಿರುಗುವ ಮೊದಲು ಕೇಳಿಬಿಟ್ಟೆ.

"ಗೌಡ್ರೆ, ಆ ಫೋನಿನ ಮಾತನ್ನ ನಾನು ನಿಮಗೆ ಹೇಳದೇ ಇದ್ದಿದ್ರೆ, ಅವತ್ತು ನೀವು ಪುಡಿ ಹಾಕ್ತಿದ್ರಾ?"